ಉಗ್ಗುಮಾತಿನ ಚರಿತ್ರೆ

ಬೆಂಗಳೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ಟಿನ ಕಿಂಡಿಯ ಮುಂದೆ ಒಬ್ಬ ವಿದ್ಯಾರ್ಥಿಯು ನಿಂತಿದ್ದಾನೆಂದು ಶ್ರೋತೃಗಳು ಭಾವಿಸಬೇಕು. ಅವನು ಹೋಗಬೇಕಾದುದು ಬಂಗಾರಪೇಟೆಗೆ; ಅಲ್ಲಿ ಅವನ ಅಕ್ಕನ ಮನೆ. ಕಿಂಡಿಯ ಒಳಗಿರುವವರು ‘ಎಲ್ಲಿಗೆ?’ ಎಂದು ಕೇಳುತ್ತಾರೆ. ವಿದ್ಯಾರ್ಥಿಯು ‘ಊರಿಗಾಂ’ ಎನ್ನುತ್ತಾನೆ. ಊರಿಗಾಂ ಎಂಬುದು ಬಂಗಾರಪೇಟೆಯನ್ನು ದಾಟಿ, ಚಿನ್ನದ ಗಣಿಗಳ ಕಡೆಗೆ ಹೋಗುವ ಕವಲುದಾರಿಯಲ್ಲಿರುವ ಸ್ಟೇಷನ್ನು. ಅಷ್ಟು ದೂರಕ್ಕೆ ಹಣವನ್ನು ತೆತ್ತು ಅವನು ಬಂಗಾರಪೇಟೆಯಲ್ಲಿಯೇ ಇಳಿದುಬಿಡುತ್ತಾನೆ. ಇದು ಮರೆವಿನಿಂದ ಆದುದಲ್ಲ. ಒಂದು ಸಲ ಆದುದೂ ಅಲ್ಲ. ‘ಬ’ಕಾರದಿಂದ ಆರಂಭವಾಗುವ ಮಾತು ಅವನ ತುಟಿಗಳಲ್ಲಿ ಸಿಕ್ಕಿಕೊಳ್ಳುತ್ತದೆ, ‘ಊ’ಕಾರವು ಸಲೀಸಾಗಿ ಹೊರಡುತ್ತದೆ. ಒಂದು ಅಕ್ಷರಕ್ಕೆ ಹೆದರಿ ಅವನು ವರ್ಷಗಟ್ಟಲೆ ಈ ಹೆಚ್ಚಿನ ಸುಂಕವನ್ನು ಕೊಟ್ಟನು.

ಆ ವಿದ್ಯಾರ್ಥಿಯು ನಾನೇ. ಇದು 1970ರ ಆಚೀಚಿನ ಮಾತು. ನಮ್ಮ ತಂದೆಯವರು ಕೋಲಾರದ ಚಿನ್ನದ ಗಣಿಗಳಲ್ಲಿ ಒಂದಾದ ನಂದಿದುರ್ಗದ ಗಣಿಯಲ್ಲಿ ಗುಮಾಸ್ತರಾಗಿದ್ದರು. ನನ್ನ ಸ್ವಂತ ಕಥೆಯನ್ನು ಹೇಳುವುದು ಈ ಭಾಷಣದ ಉದ್ದೇಶವಲ್ಲ. ಉಗ್ಗುವಿಕೆಯ ಕಾರಣವನ್ನು ಮನುಷ್ಯರು ಯಾವ ಯಾವ ಕಾಲದಲ್ಲಿ ಎಲ್ಲೆಲ್ಲಿ ಹುಡುಕಿದರು, ಆ ಹುಡುಕಾಟವು ನಾಲಗೆಯಿಂದ ಮನಸ್ಸಿನ ಕಡೆಗೆ ಹೇಗೆ ಸಾಗಿತು, ಅದರಲ್ಲಿ ನಮ್ಮ ಮೈಸೂರಿನ ಪಾಲೇನು ಎಂಬುದನ್ನು ನಿವೇದಿಸುವುದೇ ಉದ್ದೇಶ. ಆದರೆ ಟಿಕೆಟ್ಟಿನ ಆ ಕಿಂಡಿಯನ್ನು ಶ್ರೋತೃಗಳು ನೆನಪಿನಲ್ಲಿಟ್ಟಿರಬೇಕು. ಅಲ್ಲಿಗೆ ಮತ್ತೆ ಬರುವುದುಂಟು.

ಮಾತಿನಲ್ಲಿ ತಡವರಿಸದವರು ಯಾರೂ ಇಲ್ಲ. ಉಗ್ಗುವಿಕೆ ಎಂಬುದು ಬೇರೆ. ಹೇಳಬೇಕಾದ ಮಾತು ಮನಸ್ಸಿಗೆ ಸ್ಪಷ್ಟವಾಗಿ ತಿಳಿದಿದ್ದರೂ ಅದರ ಮೊದಲ ಧ್ವನಿಯು ಮರುಕಳಿಸುತ್ತದೆ, ಇಲ್ಲವೆ ಎಳೆದುಕೊಳ್ಳುತ್ತದೆ, ಇಲ್ಲವೆ ಹೊರಡದೆಯೇ ನಿಂತುಬಿಡುತ್ತದೆ. ವಯಸ್ಕರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಉಂಟು. ಚಿಕ್ಕ ಮಕ್ಕಳಲ್ಲಿ ಇನ್ನೂ ಹೆಚ್ಚು. ಆದರೆ ಬಹುಪಾಲು ಮಕ್ಕಳಲ್ಲಿ ಅದು ಬೆಳೆಯುತ್ತ ಬೆಳೆಯುತ್ತ ತಾನಾಗಿಯೇ ನಿಂತುಹೋಗುತ್ತದೆ. ಇದರಲ್ಲೊಂದು ವಿಸ್ಮಯವೂ ಇದೆ. ಉಗ್ಗುವವನು ಸಾಮಾನ್ಯವಾಗಿ ಹಾಡುವಾಗ ಉಗ್ಗುವುದಿಲ್ಲ. ಹತ್ತು ಜನರೊಡನೆ ಸೇರಿ ಶ್ಲೋಕವನ್ನು ಹೇಳುವಾಗ ಉಗ್ಗುವುದಿಲ್ಲ. ಕೊಟ್ಟಿಗೆಯಲ್ಲಿ ಕರುವಿನೊಡನೆ ಮಾತನಾಡುವಾಗ, ಒಬ್ಬನೇ ಇರುವಾಗ ಉಗ್ಗುವುದು ಬಹು ಕಡಿಮೆ. ದೋಷವು ನಾಲಗೆಯಲ್ಲಿಯೇ ಇದ್ದಿದ್ದರೆ ಆ ನಾಲಗೆಯು ಕೊಟ್ಟಿಗೆಯಲ್ಲಿ ಒಂದು ಬಗೆಯಾಗಿ, ಕಚೇರಿಯಲ್ಲಿ ಮತ್ತೊಂದು ಬಗೆಯಾಗಿ ನಡೆದುಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಕಾಣುವುದಕ್ಕೆ ಮಾನವಕುಲಕ್ಕೆ ಎರಡು ಸಾವಿರ ವರ್ಷಗಳಿಗಿಂತಲೂ ಹೆಚ್ಚು ಕಾಲ ಹಿಡಿಯಿತು.

ನಮ್ಮ ದೇಶದ ಪ್ರಾಚೀನ ವೈದ್ಯರು ಇದನ್ನು ಗದ್ಗದ ಎಂದು ಕರೆದರು. ಕಫದೊಡನೆ ಕೂಡಿದ ವಾಯುವು ಶಬ್ದವನ್ನು ಒಯ್ಯುವ ಧಮನಿಗಳನ್ನು ಆವರಿಸಿಕೊಂಡಾಗ ಮನುಷ್ಯನು ಮೂಕನೋ, ಮೂಗಿನಿಂದ ಮಾತನಾಡುವವನೋ, ಗದ್ಗದನೋ ಆಗುತ್ತಾನೆಂಬುದು ಸುಶ್ರುತಸಂಹಿತೆಯ ಅಭಿಪ್ರಾಯ. ದೋಷವು ನಾಲಗೆಯ ಮಾಂಸದಲ್ಲಿಲ್ಲ, ಮಾತು ಹರಿದುಬರುವ ಮಾರ್ಗದಲ್ಲಿದೆ ಎಂಬ ಈ ಊಹೆಯು ಆ ಕಾಲಕ್ಕೆ ಸಾಮಾನ್ಯವಾದುದಲ್ಲ. ನಮ್ಮ ಮನೆಗಳಲ್ಲಿ ಹಸುಗೂಸಿನ ನಾಲಗೆಗೆ ಬಜೆಯನ್ನು ತೇದು ಸವರುತ್ತಿದ್ದುದು ಮಾತು ಚೆನ್ನಾಗಿ ಬರಲೆಂಬ ನಂಬಿಕೆಯಿಂದಲೇ. ಆದರೆ ವೈದ್ಯರ ಮಾತು ಹೀಗಿದ್ದರೆ ವೇದಪಾಠಕರ ಮಾತು ಕಠಿನವಾಗಿತ್ತು. ಉಚ್ಚಾರಣೆಯ ನಿಯಮಗಳನ್ನು ಹೇಳುವ ಶಿಕ್ಷಾಗ್ರಂಥಗಳು ಗದ್ಗದನನ್ನೂ ನಾಲಗೆ ಕಟ್ಟಿದವನನ್ನೂ ವರ್ಣಗಳನ್ನು ಉಚ್ಚರಿಸಲು ಅರ್ಹನಲ್ಲವೆಂದು ಹೊರಗಿಟ್ಟುವು. ಹೀಗೆ ಒಂದು ಕಡೆ ರೋಗವೆಂಬ ಅನುಕಂಪ, ಮತ್ತೊಂದು ಕಡೆ ಅನರ್ಹತೆಯೆಂಬ ತೀರ್ಪು, ಎರಡೂ ಏಕಕಾಲದಲ್ಲಿ ನಡೆದುಬಂದುವು.

ಕನ್ನಡ ನುಡಿಯಲ್ಲಿಯೂ ಈ ಎರಡು ಮನೋಭಾವಗಳು ಕಾಣುತ್ತವೆ. ‘ತೊದಲು’ ಎಂದೊಡನೆ ನಮಗೆ ಮಗುವಿನ ಮುಖವು ನೆನಪಾಗುತ್ತದೆ; ತೊದಲ್ನುಡಿಯನ್ನು ಕೇಳಿ ಹಿಗ್ಗದ ತಾಯಿಯಿಲ್ಲ. ‘ಉಗ್ಗು’ ಎಂದೊಡನೆ ನೆನಪಾಗುವುದು ನಾಟಕದ ವಿದೂಷಕ, ಸಿನಿಮಾದ ಹಾಸ್ಯಪಾತ್ರ. ಎರಡರಲ್ಲಿಯೂ ತಡೆಯುವುದು ಅದೇ ನಾಲಗೆ. ಭೇದವಿರುವುದು ಕೇಳುವವರ ಕಿವಿಯಲ್ಲಿ. ಮಗುವಿಗೆ ಯಾವ ವಯಸ್ಸಿನಲ್ಲಿ ತೊದಲು ನಿಂತು ಉಗ್ಗು ಆರಂಭವಾಯಿತೆಂಬುದನ್ನು ನಿರ್ಣಯಿಸುವವರು ಕೇಳುವವರೇ ಆಗಿದ್ದಾರೆ.

ಗ್ರೀಸ್ ದೇಶದ ಕಥೆಯು ವಿದ್ಯಾವಂತರೆಲ್ಲರಿಗೂ ವಿದಿತವೇ ಆಗಿದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಥೆನ್ಸಿನ ವಾಗ್ಮಿಯಾದ ಡೆಮಾಸ್ತನೀಸನು ಬಾಯಲ್ಲಿ ಬೆಣಚುಕಲ್ಲುಗಳನ್ನಿಟ್ಟುಕೊಂಡು ಮಾತನಾಡಿ ತನ್ನ ಮಾತಿನ ಅಸ್ಪಷ್ಟತೆಯನ್ನು ಕಳೆದುಕೊಂಡನೆಂದು ಪ್ಲೂಟಾರ್ಕನು ಬರೆದಿದ್ದಾನೆ. ಕಲ್ಲುಗಳ ಕಥೆಯನ್ನು ಜನರು ನೆನಪಿಟ್ಟುಕೊಂಡರು. ಅದರ ಪಕ್ಕದಲ್ಲಿಯೇ ಇರುವ ಇನ್ನೊಂದನ್ನು ಮರೆತರು. ಆತನು ಅಭ್ಯಾಸಕ್ಕಾಗಿ ನೆಲದೊಳಗೆ ಒಂದು ಕೋಣೆಯನ್ನು ಕಟ್ಟಿಸಿಕೊಂಡು, ಎರಡು ಮೂರು ತಿಂಗಳು ಹೊರಗೆ ಬಾರದಿರುವುದಕ್ಕಾಗಿ ತಲೆಯ ಒಂದು ಪಾರ್ಶ್ವವನ್ನು ಮಾತ್ರ ಬೋಳಿಸಿಕೊಳ್ಳುತ್ತಿದ್ದನಂತೆ; ಆ ರೂಪದಲ್ಲಿ ಜನರ ಮುಂದೆ ಬರಲು ನಾಚಿಕೆಯಾಗಲೆಂಬುದೇ ಉದ್ದೇಶ. ನಾಚಿಕೆಯನ್ನೇ ಅಭ್ಯಾಸದ ಕಾವಲುಗಾರನನ್ನಾಗಿ ಮಾಡಿಕೊಂಡ ಈ ಕ್ರಮವು ಆತನಿಗೆ ಫಲಿಸಿರಬಹುದು. ಆದರೆ ಆಮೇಲಿನ ಕಾಲದ ಉಗ್ಗುವವರಿಗೆ ಇದರಿಂದ ದೊರೆತ ಪಾಠವು ಹಿತಕರವಾದುದಲ್ಲ. ಬಚ್ಚಿಟ್ಟುಕೊಂಡು ಕಷ್ಟಪಟ್ಟರೆ ದೋಷವು ಹೋಗುತ್ತದೆ, ಹೋಗದಿದ್ದರೆ ನಿನ್ನ ಶ್ರಮವೇ ಸಾಲದು ಎಂಬುದೇ ಆ ಪಾಠ.

ನಾಲಗೆಯ ಮೇಲಿನ ಆರೋಪವು ತನ್ನ ಪರಾಕಾಷ್ಠೆಯನ್ನು ಮುಟ್ಟಿದುದು 1841ರಲ್ಲಿ. ಬರ್ಲಿನ್ ನಗರದ ಪ್ರಖ್ಯಾತ ಶಸ್ತ್ರವೈದ್ಯನಾದ ಡೀಫೆನ್‌ಬಾಕ್ ಎಂಬಾತನು ಉಗ್ಗುವವರ ನಾಲಗೆಯ ಬುಡದಿಂದ ಮಾಂಸದ ಒಂದು ತುಂಡನ್ನು ಬೆಣೆಯ ಆಕಾರದಲ್ಲಿ ಕತ್ತರಿಸಿ ತೆಗೆಯಲು ಆರಂಭಿಸಿದನು. ಸ್ಮೃತಿ ತಪ್ಪಿಸುವ ಔಷಧಗಳು ಬಳಕೆಗೆ ಬರುವುದಕ್ಕೆ ಇನ್ನೂ ಐದು ವರ್ಷವಿತ್ತು. ರೋಗಿಯು ಎಚ್ಚರವಾಗಿಯೇ ಇದನ್ನು ಸಹಿಸಬೇಕಾಗಿತ್ತು. ಕೆಲವೇ ತಿಂಗಳುಗಳಲ್ಲಿ ಈ ಚಿಕಿತ್ಸೆಯು ಯೂರೋಪಿನ ಇತರ ನಗರಗಳಿಗೂ ಹಬ್ಬಿತು. ರಕ್ತಸ್ರಾವದಿಂದ ಸಾವುಗಳೂ ಸಂಭವಿಸಿದುವು. ಮಾತು ಮೊದಲು ಸ್ವಲ್ಪ ಸರಿಹೋದಂತೆ ತೋರಿ, ಗಾಯವು ಮಾಯುವಷ್ಟರಲ್ಲಿ ಉಗ್ಗು ಮರಳಿ ಬರುತ್ತಿತ್ತು. ಬಹು ಬೇಗನೆ ಈ ಪದ್ಧತಿಯನ್ನು ಕೈಬಿಡಬೇಕಾಯಿತು. ನಿರಪರಾಧಿಯಾದ ನಾಲಗೆಗೆ ಇಷ್ಟು ದಂಡನೆಯಾದ ಮೇಲೆ ಕಾರಣವನ್ನು ಬೇರೆ ಕಡೆ ಹುಡುಕದೆ ಗತಿಯಿರಲಿಲ್ಲ.

ಬೇರೆ ಕಡೆ ಹುಡುಕಿದವರು ಹಿಂದೆಯೇ ಒಬ್ಬರಿದ್ದರು. ವಿಕಾಸವಾದದ ಚಾರಲ್ಸ್ ಡಾರ್ವಿನ್ನನ ತಾತನೂ ವೈದ್ಯನೂ ಆದ ಎರಾಸ್ಮಸ್ ಡಾರ್ವಿನ್ ತಾನೇ ಉಗ್ಗುತ್ತಿದ್ದನು. 1794ರಿಂದ 1796ರವರೆಗೆ ಪ್ರಕಟವಾದ ತನ್ನ ವೈದ್ಯಗ್ರಂಥದಲ್ಲಿ ಆತನು, ಮಾತಿನ ಅಂಗಗಳ ಚಲನೆಯು ಒಂದರ ಹಿಂದೊಂದು ಸರಪಳಿಯಂತೆ ನಡೆಯತಕ್ಕದ್ದೆಂದೂ, ಹಿರಿಯರ ಮುಂದಿನ ಅಂಜಿಕೆ, ಸಂಕೋಚ, ಚೆನ್ನಾಗಿ ಮಾತನಾಡಬೇಕೆಂಬ ಆತುರ, ಸೋಲುವೆನೆಂಬ ಭೀತಿ ಮುಂತಾದುವು ನಡುವೆ ನುಗ್ಗಿ ಆ ಸರಪಳಿಯನ್ನು ಕಡಿಯುತ್ತವೆಂದೂ ವಿವರಿಸಿದನು. ಕೊಟ್ಟಿಗೆಯಲ್ಲಿ ಸಲೀಸಾಗಿ ಬರುವ ಮಾತು ಕಚೇರಿಯಲ್ಲಿ ನಿಲ್ಲುವುದೇಕೆಂಬ ಪ್ರಶ್ನೆಗೆ ಇದು ಮೊದಲ ಸಮರ್ಪಕವಾದ ಉತ್ತರವೆನ್ನಬಹುದು. ಕರುವಿನ ಮುಂದೆ ಸೋಲುವ ಭೀತಿಯಿಲ್ಲ.

ಈ ಭೀತಿಯನ್ನು ಲೋಕವೆಲ್ಲ ಕಿವಿಯಾರ ಕೇಳಿದುದು ರೇಡಿಯೋ ಯಂತ್ರವು ಬಂದ ಮೇಲೆ. 1925ರ ಅಕ್ಟೋಬರ್ 31ರಂದು ಲಂಡನ್ನಿನ ವೆಂಬ್ಲೆಯಲ್ಲಿ ಯಾರ್ಕ್ ಡ್ಯೂಕರು ಮಾಡಿದ ಭಾಷಣವು ಅವರಿಗೂ ಕೇಳಿದವರಿಗೂ ಯಾತನೆಯಾಯಿತು. ಮಾರನೆಯ ವರ್ಷ ಅವರು ಆಸ್ಟ್ರೇಲಿಯದಿಂದ ಬಂದು ನೆಲೆಸಿದ್ದ ಲಯನಲ್ ಲೋಗ್ ಎಂಬ ಶಿಕ್ಷಕನ ಬಳಿ ಅಭ್ಯಾಸಕ್ಕೆ ಸೇರಿದರು. ಲೋಗನು ಉಸಿರಾಟದ ಕ್ರಮವನ್ನು ಕಲಿಸಿದನು. ಅದರೊಡನೆ, ಇದು ವಾಸಿಯಾಗತಕ್ಕದ್ದೆಂಬ ವಿಶ್ವಾಸವನ್ನೂ ತುಂಬಿದನು. ಆರನೆಯ ಜಾರ್ಜ್ ದೊರೆಯಾಗಿ 1937ರ ಮೇ 12ರಂದು ಪಟ್ಟಾಭಿಷೇಕದ ದಿನವೂ, 1939ರ ಸೆಪ್ಟೆಂಬರ್ 3ರಂದು ಯುದ್ಧವು ಘೋಷಿತವಾದ ಸಂಜೆಯೂ ಅವರು ಸಾಮ್ರಾಜ್ಯದ ಜನರನ್ನು ಉದ್ದೇಶಿಸಿ ರೇಡಿಯೋದಲ್ಲಿ ಮಾತನಾಡಿದರು. ಅವರ ಮಾತಿನಲ್ಲಿ ನಿಲುಗಡೆಗಳು ಕಡೆಯವರೆಗೂ ಉಳಿದಿದ್ದುವು. ಗಮನಿಸತಕ್ಕ ಅಂಶವು ಇದೇ: ಉಗ್ಗು ಪೂರ್ಣವಾಗಿ ಮಾಯವಾದ ಮೇಲೆ ಅವರು ಮಾತನಾಡಿದವರಲ್ಲ, ಉಗ್ಗನ್ನು ಇಟ್ಟುಕೊಂಡೇ ಮಾತನಾಡಿದವರು.

ಅದೇ 1939ರಲ್ಲಿ ಅಮೆರಿಕದ ಅಯೋವಾ ಪ್ರಾಂತದಲ್ಲಿ ಒಂದು ದುಃಖಕರವಾದ ಪ್ರಯೋಗವು ನಡೆಯಿತು. ವೆಂಡೆಲ್ ಜಾನ್ಸನ್ ಎಂಬ ವಿದ್ವಾಂಸನು ತಾನೇ ಉಗ್ಗುತ್ತಿದ್ದವನು. ಮಕ್ಕಳ ಸಹಜವಾದ ತಡವರಿಕೆಯನ್ನು ಹಿರಿಯರು ದೋಷವೆಂದು ಎಣಿಸಿ ತಿದ್ದತೊಡಗಿದಾಗಲೇ ಉಗ್ಗು ಹುಟ್ಟುತ್ತದೆ ಎಂಬುದು ಆತನ ವಾದ. ಇದನ್ನು ಪರೀಕ್ಷಿಸುವುದಕ್ಕಾಗಿ, ಆತನ ಮಾರ್ಗದರ್ಶನದಲ್ಲಿ ಒಬ್ಬ ವಿದ್ಯಾರ್ಥಿನಿಯು ಅನಾಥಾಲಯದ ಕೆಲವು ಮಕ್ಕಳಿಗೆ, ಸರಿಯಾಗಿ ಮಾತನಾಡುತ್ತಿದ್ದರೂ, ‘ನೀವು ಉಗ್ಗುತ್ತೀರಿ, ಎಚ್ಚರಿಕೆಯಿಂದ ಮಾತನಾಡಿ’ ಎಂದು ತಿಂಗಳುಗಟ್ಟಲೆ ಹೇಳಿದಳು. ಮಕ್ಕಳು ನಿಜವಾದ ಉಗ್ಗರಾದರೆಂದು ಸಿದ್ಧವಾಗಲಿಲ್ಲ. ಆದರೆ ಹಲವರು ಮಾತನಾಡಲು ಅಂಜಿ ಮೌನಿಗಳಾದರು. ಅಯೋವಾ ವಿಶ್ವವಿದ್ಯಾನಿಲಯವು 2001ರಲ್ಲಿ ಇದಕ್ಕಾಗಿ ಕ್ಷಮೆಯನ್ನು ಯಾಚಿಸಿತು. ನಾಲಗೆಯನ್ನು ಮುಟ್ಟದೆ, ಕೇವಲ ಒಂದು ಆಲೋಚನೆಯನ್ನು ಬಿತ್ತಿ, ಮಕ್ಕಳ ಬಾಯನ್ನು ಕಟ್ಟಬಹುದೆಂಬುದು ಈ ಪ್ರಯೋಗದಿಂದ ಹೊರಪಟ್ಟ ಕಹಿಯಾದ ಸತ್ಯ.

ಆಲೋಚನೆಯಿಂದ ಕಟ್ಟಿದುದನ್ನು ಆಲೋಚನೆಯಿಂದ ಬಿಚ್ಚಲು ಸಾಧ್ಯವೆ? ಈ ದಿಕ್ಕಿನಲ್ಲಿ ಹೆಚ್ಚು ಕೆಲಸ ಮಾಡಿದವರು ತಾವೇ ಉಗ್ಗುತ್ತಿದ್ದ ಇಬ್ಬರು ಅಮೆರಿಕನ್ನರು, ಚಾರಲ್ಸ್ ವಾನ್ ರೈಪರ್ ಮತ್ತು ಜೋಸೆಫ್ ಷೀಹನ್. ಉಗ್ಗನ್ನು ಷೀಹನ್ನನು ಸಮುದ್ರದಲ್ಲಿ ತೇಲುವ ಹಿಮದ ಗುಡ್ಡಕ್ಕೆ ಹೋಲಿಸಿದನು. ಕಿವಿಗೆ ಕೇಳುವ ತಡೆಯು ನೀರಿನ ಮೇಲಿನ ಸಣ್ಣ ಭಾಗ. ಭಯ, ನಾಚಿಕೆ, ಮುಚ್ಚಿಡುವ ಉಪಾಯಗಳು ನೀರಿನೊಳಗಿನ ದೊಡ್ಡ ಭಾಗ. ಟಿಕೆಟ್ಟಿನ ಕಿಂಡಿಯ ಮುಂದೆ ನಡೆಯುತ್ತಿದ್ದುದು ಈ ಒಳಭಾಗದ ವ್ಯಾಪಾರವೇ. ಮೊದಲು ‘ಬಂಗಾರಪೇಟೆ ಎಂಬ ಮಾತು ಬಾರದು’ ಎಂಬ ಮುನ್ನೆಣಿಕೆ. ಅದರ ಹಿಂದೆಯೇ ‘ಕಿಂಡಿಯಲ್ಲಿರುವವರು ಗದರುತ್ತಾರೆ, ಸಾಲಿನಲ್ಲಿರುವವರು ನಗುತ್ತಾರೆ’ ಎಂಬ ಭಯ. ಆಮೇಲೆ ಊರಿಗಾಂ ಎಂಬ ಉಪಾಯ. ಕಡೆಗೆ ‘ಪಾರಾದೆ’ ಎಂಬ ನೆಮ್ಮದಿ. ಈ ನೆಮ್ಮದಿಯೇ ವಿಷ. ಪಾರಾದುದು ಉಪಾಯದಿಂದಲೇ ಎಂದು ಮನಸ್ಸು ತೀರ್ಮಾನಿಸಿ, ಮುಂದಿನ ಸಲ ಭಯವನ್ನು ಇಮ್ಮಡಿಯಾಗಿಸಿ ಕೊಡುತ್ತದೆ. ಭಯವು ಸುಳ್ಳೋ ನಿಜವೋ ಎಂದು ಪರೀಕ್ಷೆಯಾಗುವುದೇ ಇಲ್ಲ.

ಚಿಕಿತ್ಸೆಯೆಂದರೆ ಈ ಪರೀಕ್ಷೆಯನ್ನು ನಡೆಸುವುದೇ. ಏನಾಗುವುದೆಂದು ಭಯಪಡುತ್ತೇವೆಯೋ ಅದನ್ನು ಮೊದಲು ಕಾಗದದಲ್ಲಿ ಬರೆಯಬೇಕು. ಆ ಕೆಲಸವನ್ನು ಮಾಡಬೇಕು. ಆದುದೇನೆಂಬುದನ್ನು ಪಕ್ಕದಲ್ಲಿ ಬರೆಯಬೇಕು. ವಾನ್ ರೈಪರನ ಪದ್ಧತಿಯಲ್ಲಿ ಇನ್ನೂ ಒಂದು ಹೆಜ್ಜೆಯುಂಟು: ಬೇಕೆಂದೇ ಉಗ್ಗುವುದು. ಯಾವುದಕ್ಕೆ ಹೆದರಿ ಓಡುತ್ತಿದ್ದೆವೋ ಅದನ್ನೇ ಬುದ್ಧಿಪೂರ್ವಕವಾಗಿ ಮಾಡಿದರೆ ಅದರ ಬಲವು ಕುಗ್ಗುತ್ತದೆ. ಬಲವಂತದ ಉಗ್ಗು ಸಡಿಲವಾದ, ಸುಲಭವಾದ ಉಗ್ಗಾಗಿ ಮಾರ್ಪಡುತ್ತದೆ. ವಾಕ್ಚಿಕಿತ್ಸಕರೊಬ್ಬರು ಹೀಗೆ ಹೇಳಿ ನನ್ನನ್ನು ಕಿಂಡಿಗೆ ಕಳುಹಿಸಿದರು. ಗದರುವರು, ನಗುವರು, ನಾನು ಸಾಲನ್ನು ಬಿಟ್ಟು ಓಡಬೇಕಾಗುವುದು ಎಂದು ಕಾಗದದಲ್ಲಿ ಬರೆದುಕೊಂಡು ಹೋದೆನು. ‘ಬ’ಕಾರವನ್ನು ಐದಾರು ಸಲ ಉಚ್ಚರಿಸಿ, ಬೆವರಿ, ಬಂಗಾರಪೇಟೆ ಎಂದೆನು. ಒಳಗಿದ್ದವರು ತಲೆಯನ್ನು ಎತ್ತದೆಯೇ ಕೇಳಿದರು: ‘ಒಂದೋ ಎರಡೋ?’

ಈ ಚರಿತ್ರೆಯಲ್ಲಿ ಮೈಸೂರಿನ ಸ್ಥಾನವು ಕಡಿಮೆಯದಲ್ಲ. ಮನಶ್ಶಾಸ್ತ್ರವು ಭಾರತದ ವಿಶ್ವವಿದ್ಯಾನಿಲಯಗಳಲ್ಲಿ ಇನ್ನೂ ಕಣ್ಣುತೆರೆಯುತ್ತಿದ್ದ ಕಾಲದಲ್ಲಿ, 1924ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಆ ಶಾಸ್ತ್ರದ ವಿಭಾಗವನ್ನು ಆರಂಭಿಸಿದವರು ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು. ಅವರೇ 1935ರ ಸೆಪ್ಟೆಂಬರ್ 10ರಂದು ‘ವಿಠ್ಠಲ ವಿಹಾರ’ ಎಂಬ ತಮ್ಮ ಮನೆಯಲ್ಲಿ ಸಣ್ಣದೊಂದು ಪ್ರಸಾರಯಂತ್ರವನ್ನಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದರು. ಮನಸ್ಸಿನ ಶಾಸ್ತ್ರಜ್ಞರೊಬ್ಬರು ಮಾತಿನ ಯಂತ್ರವನ್ನು ಮೈಸೂರಿಗೆ ತಂದರೆಂಬುದು ನಮ್ಮ ವಿಷಯಕ್ಕೆ ಒಪ್ಪುವ ಸಂಗತಿಯೇ ಸರಿ. ಅದೇ ಊರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾಗಿ ಮಾನಸಗಂಗೋತ್ರಿಯಲ್ಲಿ ನೆಲೆಸಿತು. ಉಗ್ಗುವವರಿಗೆ ಚಿಕಿತ್ಸೆಯನ್ನು ಕೊಡುವುದೂ, ವಾಕ್ಚಿಕಿತ್ಸಕರನ್ನು ತರಬೇತು ಮಾಡಿ ದೇಶಕ್ಕೆಲ್ಲ ಕಳುಹಿಸುವುದೂ ಈ ಸಂಸ್ಥೆಯ ಕಾರ್ಯ. ಇದರ ನಿರ್ದೇಶಕರಾಗಿದ್ದ ನ. ರತ್ನ ಅವರು ಕನ್ನಡದ ನಾಟಕಕಾರರೂ ರಂಗಕರ್ಮಿಗಳೂ ಆಗಿದ್ದುದು ವಿಶೇಷ. ದಿನನಿತ್ಯದ ಮಾತಿನಲ್ಲಿ ಉಗ್ಗುವವನು ರಂಗದ ಮೇಲೆ ಪರಪಾತ್ರವನ್ನು ವಹಿಸಿದಾಗ ನಿರರ್ಗಳವಾಗಿ ಮಾತನಾಡುವುದು ಅನೇಕ ವೇಳೆ ಕಂಡುಬಂದಿರುವ ಸಂಗತಿ.

ಇಷ್ಟನ್ನು ಕೇಳಿ, ಹಾಗಾದರೆ ಉಗ್ಗು ಕೇವಲ ಮನಸ್ಸಿನ ಕಲ್ಪನೆ, ಧೈರ್ಯ ತಂದುಕೊಂಡರೆ ಹೋಗುತ್ತದೆ ಎಂದು ಯಾರಾದರೂ ತಿಳಿದರೆ ಅದು ದೊಡ್ಡ ತಪ್ಪು. ಉಗ್ಗು ವಂಶಗಳಲ್ಲಿ ಹರಿದುಬರುವುದುಂಟು. ಅದರೊಡನೆ ಸಂಬಂಧವಿರುವ ಕೆಲವು ವಂಶವಾಹಿಗಳನ್ನು 2010ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಉಗ್ಗುವವರ ಮಿದುಳಿನಲ್ಲಿ ಮಾತನ್ನು ನಡೆಸುವ ಭಾಗಗಳ ಜೋಡಣೆಯಲ್ಲಿ ಸೂಕ್ಷ್ಮವಾದ ವ್ಯತ್ಯಾಸಗಳೂ ಕಂಡುಬಂದಿವೆ. ತಡೆಯ ಬೀಜವು ದೇಹದಲ್ಲಿದೆ. ಅದರ ಮೇಲೆ ಬೆಳೆದ ಮುಳ್ಳಿನ ಪೊದೆಯು ಮನಸ್ಸಿನಲ್ಲಿದೆ. ಆಲೋಚನೆಯ ಕ್ರಮವನ್ನು ತಿದ್ದುವ ಚಿಕಿತ್ಸೆಯನ್ನು ಆಸ್ಟ್ರೇಲಿಯದಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯು ಇದನ್ನೇ ತೋರಿಸುತ್ತದೆ: ಮಾತನ್ನು ತಿದ್ದುವ ಅಭ್ಯಾಸದೊಡನೆ ಈ ಚಿಕಿತ್ಸೆಯನ್ನೂ ಪಡೆದವರಲ್ಲಿ ಜನರ ಮುಂದಿನ ಭಯವೂ ಸಂದರ್ಭಗಳನ್ನು ತಪ್ಪಿಸಿಕೊಳ್ಳುವ ಚಾಳಿಯೂ ತಗ್ಗಿದುವು, ಉಗ್ಗಿನ ಪ್ರಮಾಣವು ಮಾತ್ರ ಅದರಿಂದ ಹೆಚ್ಚಾಗಿ ತಗ್ಗಲಿಲ್ಲ. ಆದುದರಿಂದ ಉಗ್ಗನ್ನು ಗೆಲ್ಲುವುದೆಂದರೆ ಉಗ್ಗದಿರುವುದು ಎಂಬ ಎಣಿಕೆಯನ್ನೇ ಮೊದಲು ತಿದ್ದಬೇಕಾಗಿದೆ. ಹೇಳಬೇಕಾದುದನ್ನು ಹೇಳುವುದು, ಹೋಗಬೇಕಾದ ಊರಿಗೆ ಟಿಕೆಟ್ಟನ್ನು ಕೇಳುವುದು, ಇದೇ ಗೆಲವು.

ತಿದ್ದಬೇಕಾದ ಆಲೋಚನೆಯಲ್ಲಿ ಅರ್ಧವು ಉಗ್ಗುವವನದು. ಉಳಿದ ಅರ್ಧವು ಕೇಳುವವರದು. ಇದನ್ನು ನಾನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ. ಗಣಿಯ ಊರಿನಲ್ಲಿ ಕಲಿತೆನು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೋಲಾರದ ಗಣಿಗಳ ಕೆಲಸಕ್ಕೆ ಕೈಹಾಕಿದ ಮೇಲೆ ಅಲ್ಲಿ ತಮಿಳರು, ತೆಲುಗರು, ಕನ್ನಡಿಗರು, ಆಂಗ್ಲೋ-ಇಂಡಿಯನ್ನರು ಒಂದೆಡೆ ಬಂದು ನೆಲೆಸಿದರು. ನಂದಿದುರ್ಗದ ಸಾಲುಮನೆಗಳ ಮುಂದೆ ಪ್ರತಿಯೊಬ್ಬರೂ ಮತ್ತೊಬ್ಬರ ಭಾಷೆಯನ್ನು ತಡವರಿಸಿ ಮಾತನಾಡುತ್ತಿದ್ದರು. ಪದಕ್ಕಾಗಿ ಹುಡುಕುವುದು, ನಿಲ್ಲುವುದು, ಮತ್ತೆ ಆರಂಭಿಸುವುದು ಅಲ್ಲಿ ಎಲ್ಲರ ರೀತಿಯಾಗಿತ್ತು, ಎದುರಿನವರು ಕಾಯುತ್ತಿದ್ದರು. ಆ ಅಂಗಳದಲ್ಲಿ ನಾನು ತಮಿಳಿನಲ್ಲಿ ಮಾತನಾಡುವಾಗ ಕನ್ನಡದಲ್ಲಿ ಉಗ್ಗುವಷ್ಟು ಉಗ್ಗುತ್ತಿರಲಿಲ್ಲ. ನನ್ನಿಂದ ನಿರರ್ಗಳವಾದ ತಮಿಳನ್ನು ಯಾರೂ ನಿರೀಕ್ಷಿಸಿರಲಿಲ್ಲವಷ್ಟೆ. ನಾಲಗೆಯೂ ಒಂದೇ, ಮನೆಯೂ ಒಂದೇ. ಕೇಳುವವರ ನಿರೀಕ್ಷೆಯೊಂದೇ ಬೇರೆ. ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿಹೋದುವು. ಅಲ್ಲಿಂದ ತೆಗೆದ ಚಿನ್ನದಲ್ಲಿ ನನಗೆ ಪಾಲಿಲ್ಲ. ಕಾಯುವ ಕಿವಿಗಳ ಈ ನೆನಪು ಮಾತ್ರ ನನ್ನ ಪಾಲಿಗೆ ಬಂದಿದೆ.

ಆದಕಾರಣ ಶ್ರೋತೃಗಳಲ್ಲಿ ನನ್ನ ಬಿನ್ನಹವು ಇಷ್ಟೇ. ನಿಮ್ಮ ಮುಂದೆ ಯಾರಾದರೂ ಉಗ್ಗಿದರೆ ಅವರ ಬಾಯ ಮಾತನ್ನು ನೀವು ಕಸಿದುಕೊಂಡು ಮುಗಿಸಬೇಡಿರಿ. ‘ನಿಧಾನವಾಗಿ ಹೇಳು, ಉಸಿರು ಎಳೆದುಕೊ’ ಎಂಬ ಉಪದೇಶವೂ ಬೇಡ. ಕಣ್ಣನ್ನು ಬೇರೆ ಕಡೆಗೆ ತಿರುಗಿಸಬೇಡಿರಿ. ಮನೆಯ ಮಗುವು ಉಗ್ಗಿದರೆ ಅದನ್ನು ಗದರದೆ, ಅದು ಹೇಳುತ್ತಿರುವುದೇನೆಂಬುದಕ್ಕೆ ಕಿವಿಗೊಡಿರಿ. ಉಗ್ಗು ತಿಂಗಳುಗಟ್ಟಲೆ ನಿಲ್ಲದೆ ಹೋದರೆ ಬಲ್ಲವರಲ್ಲಿಗೆ ಕರೆದುಕೊಂಡು ಹೋಗಿರಿ. ಕಿಂಡಿಯ ಒಳಗಿದ್ದ ಆ ಅಪರಿಚಿತರು ನನ್ನ ಮಾತು ಮುಗಿಯುವವರೆಗೆ ಕಾದು, ಎಷ್ಟು ಟಿಕೆಟ್ಟು ಬೇಕೆಂದು ಮಾತ್ರ ಕೇಳಿದರು. ಉಗ್ಗುವವನಿಗೆ ಲೋಕದಿಂದ ಬೇಕಾದುದು ಅದಕ್ಕಿಂತ ಹೆಚ್ಚೇನೂ ಅಲ್ಲ.